ಕಲ್ಹಟ್ಟಿಯ 36 ತಿರುವು: ಎಂಟು ದಿನದ ಸೈಕಲ್ ಸವಾರಿಯಲ್ಲಿ ಕಾಲು ಸೋಲೋದು ಯಾವತ್ತು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಂತನ್ನ ನನ್ನದೇ ಒಂದು ಸೋಲಿನಿಂದ ಶುರು ಮಾಡ್ತೀನಿ.

ಡಿಸೆಂಬರ್ ತಿಂಗಳು, ಮಧ್ಯಾಹ್ನದ ಹೊತ್ತು. ಮಸಿನಗುಡಿಯಿಂದ ಊಟಿಗೆ ಹತ್ತುವ ರಸ್ತೆ. ನಾನು ಒಂದು ವ್ಯಾನಿನ ಮಧ್ಯದ ಸೀಟಿನಲ್ಲಿ ಕೂತಿದ್ದೀನಿ. ನನ್ನ ಸೈಕಲ್ಲು ವ್ಯಾನಿನ ನೆತ್ತಿ ಮೇಲಿದೆ. ಬೆಳಿಗ್ಗೆ ನನ್ನ ಜೊತೆ ಹೊರಟವರು ಕಿಟಕಿಯ ಆಚೆ ಒಬ್ಬೊಬ್ಬರಾಗಿ ಹತ್ತುತ್ತಾ ಇದ್ದಾರೆ. ನಡಿಗೆಗಿಂತ ಸ್ವಲ್ಪವೇ ಜಾಸ್ತಿ ವೇಗ, ತಲೆ ತಗ್ಗಿಸಿಕೊಂಡು, ಯಾರ ಮುಖವನ್ನೂ ನೋಡದೆ. ಅವರಲ್ಲಿ ಒಬ್ಬರು ಮೈಸೂರಿನ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 61. ನನಗೆ ಆಗ 27. ವ್ಯಾನ್ ಅವರನ್ನ ದಾಟುವಾಗ ನಾನು ಬೇಕಂತಲೇ ಆ ಕಡೆ ಮುಖ ತಿರುಗಿಸಿ ಫೋನ್ ನೋಡ್ತಾ ಇದ್ದೆ. ನೆಟ್‌ವರ್ಕ್ ಇರಲಿಲ್ಲ, ಅದು ಬೇರೆ ಮಾತು.

ಬೆಂಗಳೂರಲ್ಲಿ ನಾನು ಅವರಿಗಿಂತ ವೇಗವಾಗಿ ಸೈಕಲ್ ಹೊಡೀತಿದ್ದೆ. ಇವತ್ತಿಗೂ ಹೊಡೀತೀನಿ. ಹಾಗಿದ್ರೆ ಆವತ್ತು ಅವರು ರಸ್ತೆ ಮೇಲೆ, ನಾನು ವ್ಯಾನಿನೊಳಗೆ ಯಾಕೆ? ಈ ಕಂತು ಅದರ ಬಗ್ಗೆ. ಒಂದು ದಿನದ ಬೆಟ್ಟಕ್ಕೂ, ದಿನಾ ದಿನಾ ಬರುವ ಬೆಟ್ಟಕ್ಕೂ ಇರುವ ವ್ಯತ್ಯಾಸದ ಬಗ್ಗೆ.

ಇದು ರೇಸಾ, ಟೂರಾ?

ಮೊದಲು ಯಾವ ಸವಾರಿ ಅಂತ ಹೇಳಿಬಿಡ್ತೀನಿ. ಟೂರ್ ಆಫ್ ನೀಲ್ಗಿರೀಸ್. 2008ರಲ್ಲಿ ಶುರುವಾಗಿದ್ದು. ಡಿಸೆಂಬರ್‌ನಲ್ಲಿ ನಡೆಯತ್ತೆ. ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯ ಸೇರುವ ಮೂಲೆಯ ಸುತ್ತ ತಿರುಗುವ ದಾರಿ. ರೂಟ್ ವರ್ಷ ವರ್ಷ ಬದಲಾಗತ್ತೆ. ಏಳೆಂಟು ದಿನ, 800–900 ಕಿಲೋಮೀಟರ್ ಆಸುಪಾಸು ಅಂತ ಇಟ್ಟುಕೊಳ್ಳಿ.

ಹೆಸರಲ್ಲೇ ಇದೆ ಟೂರ್ ಅಂತ. ಬಹಳ ಜನ ಟೂರ್ ಅಂತಲೇ ಮಾಡ್ತಾರೆ, ಟೀ ಕುಡಿದು, ಫೋಟೋ ತೆಗೆದು, ಸಂಜೆ ಬೆಳಕಿರುವಾಗ ಊರು ಸೇರ್ತಾರೆ. ಆದ್ರೆ ದಾರಿಯ ಕೆಲವು ತುಂಡುಗಳಲ್ಲಿ ಟೈಮಿಂಗ್ ಇರತ್ತೆ. ಇಲ್ಲಿಂದ ಅಲ್ಲಿಗೆ ಯಾರು ಎಷ್ಟು ನಿಮಿಷ ಅಂತ ಲೆಕ್ಕ. ಅಷ್ಟು ಸಾಕಲ್ಲ ನಮ್ಮಂಥೋರಿಗೆ. ಸೈಕಲ್ ಇರುವ ಇಬ್ಬರು ಒಂದೇ ರಸ್ತೆಯಲ್ಲಿ ಒಂದೇ ಕಡೆ ಹೋಗ್ತಿದ್ರೆ ಅದು ರೇಸೇ, ಬಾಯಲ್ಲಿ ಹೇಳಲ್ಲ ಅಷ್ಟೆ.

ಹಲವು ದಿನದ ರೇಸ್‌ನ ಲೆಕ್ಕ ಹೇಗೆ ಅಂತ ಗೊತ್ತಿಲ್ಲದವರಿಗೆ: ಟೂರ್ ಡಿ ಫ್ರಾನ್ಸ್ ತಗೊಳ್ಳಿ. 21 ಹಂತ. ದಿನಾ ಒಬ್ಬ ಗೆಲ್ತಾನೆ. ಆದರೆ ಹಳದಿ ಜೆರ್ಸಿ ಸಿಗೋದು ಎಲ್ಲಾ ದಿನದ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರಿಗೆ. ಒಂದೂ ಹಂತ ಗೆಲ್ಲದೆ ಇಡೀ ಟೂರ್ ಗೆದ್ದವರಿದ್ದಾರೆ. ಹಾಗೇ ಒಂದು ದಿನ ಕೆಟ್ಟರೆ ಉಳಿದ ಇಪ್ಪತ್ತು ದಿನದ ಸಂಪಾದನೆ ಹೋಯ್ತು. ಹಿಂದೆ ಬಿದ್ದವರನ್ನ ಎತ್ತಿಕೊಳ್ಳೋಕೆ ಒಂದು ಗಾಡಿ ಬರತ್ತೆ. ಅದಕ್ಕೆ ಅವರ ಭಾಷೇಲಿ ಪೊರಕೆ ಗಾಡಿ ಅಂತಲೇ ಹೆಸರು. 1910ರಲ್ಲಿ ರೇಸ್ ಮೊದಲ ಬಾರಿಗೆ ಪಿರೆನೀಸ್‌ನ ಎತ್ತರದ ಬೆಟ್ಟಗಳಿಗೆ ಹೋದಾಗ ಆ ಗಾಡಿ ಬಂತು. ಬೆಟ್ಟ ಬಂದ ವರ್ಷವೇ ಪೊರಕೆ ಬೇಕಾಯ್ತು, ನೋಡಿ.

ನಾನು ಕೂತಿದ್ದ ವ್ಯಾನ್ ನಮ್ಮ ಪೊರಕೆ.

ಸೋತಿದ್ದು ಹಿಂದಿನ ದಿನ

ನಾನು ಕಲ್ಹಟ್ಟಿಯಲ್ಲಿ ಸೋತೆ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಸುಳ್ಳು. ಸೋತಿದ್ದು ಅದರ ಹಿಂದಿನ ದಿನ, ಬಯಲು ಸೀಮೆಯಲ್ಲಿ.

ಆವತ್ತು ಚಪ್ಪಟೆ ರಸ್ತೆ, ತಂಪು ಗಾಳಿ. ನನಗಿಂತ ಗಟ್ಟಿಯಾದ ಎಂಟು ಹತ್ತು ಜನರ ಒಂದು ಗುಂಪು ಸಿಕ್ತು. ಗಂಟೆಗೆ 36–37 ಕಿಲೋಮೀಟರ್‌ನಲ್ಲಿ ಹೋಗ್ತಿದ್ರು. ಚಪ್ಪಟೆ ರಸ್ತೆಯಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಅಂಟಿಕೊಂಡರೆ ಗಾಳಿಯ ಏಟು ಅವರಿಗೆ ಬೀಳತ್ತೆ, ನಮ್ಮ ಶ್ರಮ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉಳಿಯತ್ತೆ. ಸುಮ್ಮನೆ ಹಿಂದೆ ಕೂತಿದ್ರೆ ಆಗಿರೋದು. ನನಗೆ ಮರ್ಯಾದೆ ಅಡ್ಡ ಬಂತು. ನನ್ನ ಸರದಿ ಬಂದಾಗಲೆಲ್ಲ ಮುಂದೆ ಹೋಗಿ ಎಳೆದೆ. ಟೈಮಿಂಗ್ ಇದ್ದ ಭಾಗದಲ್ಲಂತೂ ಬಾಯಲ್ಲಿ ಕಬ್ಬಿಣದ ರುಚಿ ಬರೋ ತನಕ ತುಳಿದೆ. ಆ ಗುಂಪು ನಿಲ್ಲಲಿಲ್ಲ ಅಂತ ಒಂದು ತಿಂಡಿ ಸ್ಟಾಪ್ ಬಿಟ್ಟೆ. ಸಂಜೆ ಲಿಸ್ಟ್‌ನಲ್ಲಿ ನನ್ನ ಹೆಸರು ಮೇಲೆ ಬಂದಿತ್ತು. ಅದರ ಸ್ಕ್ರೀನ್‌ಶಾಟ್ ಇನ್ನೂ ಇದೆ ನನ್ನ ಹತ್ರ.

ರಾತ್ರಿ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರು ಆ ಮೇಷ್ಟ್ರು. ನನ್ನ ತಟ್ಟೆ ನೋಡಿದ್ರು. ಒಂದೂವರೆ ಚಪಾತಿ, ಸ್ವಲ್ಪ ಪಲ್ಯ. ಸುಸ್ತಿಗೆ ಊಟ ಸೇರ್ತಿರಲಿಲ್ಲ.

“ಏನಪ್ಪಾ, ಇಷ್ಟೇನಾ?”

“ಸಾಕು ಸಾರ್, ಹಸಿವೇ ಇಲ್ಲ.”

“ಹಸಿವಿಗೆ ಅಲ್ಲಪ್ಪ ತಿನ್ನೋದು ಇಲ್ಲಿ. ಇವತ್ತು ಸಾಲ ತಗೊಂಡಿದೀಯ, ನಾಳೆ ಕಟ್ಬೇಕಲ್ಲ.” ಹೇಳಿ ತಮ್ಮ ಮೊಸರನ್ನಕ್ಕೆ ಮತ್ತೊಂದು ಸೌಟು ಹಾಕಿಸಿಕೊಂಡ್ರು.

ಈ ಸಾಲದ ಲೆಕ್ಕ ಏನು ಅಂತ ನೋಡೋಣ. ನಾವು ತಿಂದ ಅನ್ನ, ಇಡ್ಲಿ, ರಾಗಿ ಎಲ್ಲ ಕೊನೆಗೆ ಸಕ್ಕರೆಯಾಗಿ, ಗ್ಲೈಕೋಜನ್ ಅನ್ನುವ ರೂಪದಲ್ಲಿ ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಶೇಖರವಾಗತ್ತೆ. ಹೆಚ್ಚುಕಡಿಮೆ 400–500 ಗ್ರಾಂ. ಕ್ಯಾಲೊರಿ ಲೆಕ್ಕದಲ್ಲಿ 2,000ದ ಆಸುಪಾಸು. ಮೈಯಲ್ಲಿ ಕೊಬ್ಬು ಎಷ್ಟೋ ಪಟ್ಟು ಜಾಸ್ತಿ ಇದೆ, ಆದರೆ ಕೊಬ್ಬು ನಿಧಾನಕ್ಕೆ ಉರಿಯೋ ಸೌದೆ. ಆರಾಮಾಗಿ ತುಳಿದರೆ ಅದರಿಂದ ನಡೆಯತ್ತೆ. ಜೋರಾಗಿ ತುಳಿದರೆ ಮೈ ಸಕ್ಕರೆಯನ್ನೇ ಕೇಳತ್ತೆ. ಆ ಬಯಲಿನ ದಿನ ನಾನು ನಾಲ್ಕು ಗಂಟೆ ಸಕ್ಕರೆ ಸುಟ್ಟೆ. ಖಾಲಿಯಾದ ಡಬ್ಬ ಮತ್ತೆ ಪೂರ್ತಿ ತುಂಬೋಕೆ, ಚೆನ್ನಾಗಿ ತಿಂದರೂ, ಒಂದು ದಿನವೇ ಬೇಕಾಗಬಹುದು. ನನಗೆ ಇದ್ದದ್ದು ಒಂದು ರಾತ್ರಿ ಮತ್ತು ಒಂದೂವರೆ ಚಪಾತಿ.

ಮಾರನೇ ದಿನ ಕಲ್ಹಟ್ಟಿಯ ಎಂಟನೆಯದೋ ಒಂಬತ್ತನೆಯದೋ ತಿರುವಿನಲ್ಲಿ ನನಗೆ ಚಳಿ ಶುರುವಾಯ್ತು. ಬಿಸಿಲಿತ್ತು. ಮೈ ಬೆವರಿತ್ತು. ಆದ್ರೂ ಚಳಿ. ಕೈ ನಡುಕ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಓಲಾಡ್ತಿತ್ತು. ಎದುರು ಬರ್ತಿದ್ದ ಜೀಪು ನನಗೆ ಕಂಡಿದ್ದು ಅದು ಹಾರ್ನ್ ಹೊಡೆದ ಮೇಲೆ. ಸೈಕಲ್ ಭಾಷೇಲಿ ಇದಕ್ಕೆ ಬಾಂಕ್ ಅಂತಾರೆ. ರಕ್ತದ ಸಕ್ಕರೆ ಇಳಿದು ಮಿದುಳಿಗೇ ಪಡಿತರ ಕಡಿಮೆಯಾದ ಸ್ಥಿತಿ. ಛಲ, ಹಟ ಅಂತೆಲ್ಲ ಅಲ್ಲಿ ಮಾತಾಡೋಕೆ ಬರಲ್ಲ, ಯಾಕಂದ್ರೆ ಛಲ ಇರೋದೂ ಮಿದುಳಲ್ಲೇ. ಘಾಟಿ ರಸ್ತೆಯಲ್ಲಿ ಆ ಸ್ಥಿತಿಯಲ್ಲಿ ಮುಂದುವರೆದಿದ್ರೆ ಇವತ್ತು ಈ ಕಂತು ಇರ್ತಿತ್ತೋ ಇಲ್ವೋ. ವ್ಯಾನ್ ಬಂತು. ಹತ್ತಿದೆ.

ಬೆಟ್ಟದ ಲೆಕ್ಕ

ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಈ ಸಲ ಮೊದಲು ಬೆಟ್ಟವನ್ನ ಕಾಗದದ ಮೇಲೆ ಹತ್ತಿದೆ.

ಕಲ್ಹಟ್ಟಿ ಏರು ಸುಮಾರು 12 ಕಿಲೋಮೀಟರ್. ಅಷ್ಟರಲ್ಲಿ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರ. ಅಂದ್ರೆ ಸರಾಸರಿ ಇಳಿಜಾರು ಶೇಕಡಾ ಎಂಟರ ಮೇಲೆ: 100 ಮೀಟರ್ ಮುಂದೆ ಹೋದರೆ 8 ಮೀಟರ್ ಮೇಲೆ. ಸರಾಸರಿ ಅನ್ನೋದು ಮೋಸದ ಮಾತು, ಒಳಗೆ ಇದಕ್ಕಿಂತ ಕಡಿದಾದ ತುಂಡುಗಳಿವೆ. ಬೆಂಗಳೂರಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ನಂದಿ ಬೆಟ್ಟವನ್ನ ಬುಡದಿಂದ ಎರಡು ಸಲ ಹತ್ತಿದರೂ ಇಷ್ಟು ಎತ್ತರ ಆಗೋದು ಕಷ್ಟ. ಅಲ್ಲಿ ಮಧ್ಯೆ ಇಳಿಯುವಾಗ ಕಾಲಿಗೆ ವಿಶ್ರಾಂತಿ ಸಿಗತ್ತೆ. ಕಲ್ಹಟ್ಟಿಯಲ್ಲಿ ಇಳಿಜಾರು ಅನ್ನೋದೇ ಬರಲ್ಲ.

ನಾನು, ಸೈಕಲ್, ನೀರು, ಬಟ್ಟೆ ಎಲ್ಲ ಸೇರಿ 82 ಕಿಲೋ. ಇದನ್ನ ಸಾವಿರ ಮೀಟರ್ ಮೇಲೆತ್ತಬೇಕು. ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ, ತೂಕ ಗುಣಿಸು ಗುರುತ್ವ ಗುಣಿಸು ಎತ್ತರ: ಸುಮಾರು 800 ಕಿಲೋಜೂಲ್. ಇದನ್ನ 80 ನಿಮಿಷದಲ್ಲಿ ಮಾಡಿದರೆ, ಟಯರಿನ ಘರ್ಷಣೆ ಸೇರಿಸಿ, ಒಂದೇ ಸಮನೆ 180 ವ್ಯಾಟ್ ಕೊಡಬೇಕು. ಮನುಷ್ಯನ ಮೈ ಬಹಳ ದಕ್ಷ ಇಂಜಿನ್ ಅಲ್ಲ, ತಿಂದಿದ್ದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಮಾತ್ರ ಪೆಡಲಿಗೆ ಹೋಗತ್ತೆ, ಉಳಿದದ್ದು ಬಿಸಿ. ಹಾಗಾಗಿ ಆ ಒಂದು ಬೆಟ್ಟಕ್ಕೆ ಸುಮಾರು 800–900 ಕ್ಯಾಲೊರಿ. ಡಬ್ಬದಲ್ಲಿ ಇರೋದೇ 2,000. ಬೆಟ್ಟದ ಬುಡಕ್ಕೆ ಬರುವಾಗಲೇ ಅರ್ಧ ಖಾಲಿ ಮಾಡಿಕೊಂಡಿದ್ರೆ ಏನಾಗತ್ತೆ ಅಂತ ನೀವೇ ಹೇಳಿ.

ಗಮನಿಸಿ, ಇಲ್ಲಿ ಗಾಳಿಯ ಲೆಕ್ಕವೇ ಬರಲಿಲ್ಲ. ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಗಾಳಿ ತಡೆಯೋದು ಲೆಕ್ಕಕ್ಕೇ ಇಲ್ಲದಷ್ಟು. ಹಾಗಾಗಿ ಬೆಟ್ಟದಲ್ಲಿ ಯಾರ ಬೆನ್ನ ಹಿಂದೆ ಅಡಗಿಕೊಂಡೂ ಪ್ರಯೋಜನ ಇಲ್ಲ. ಬಯಲಿನಲ್ಲಿ ಗುಂಪು ನಮ್ಮನ್ನ ಎಳ್ಕೊಂಡು ಹೋಗತ್ತೆ, ಇಲ್ಲಿ ನಮ್ಮ ಭಾರ ನಮಗೆ.

ಇನ್ನೊಂದು ಮೂರ್ಖತನ ಮೊದಲ ಸಲ ಮಾಡಿದ್ದು ಗೇರ್ ವಿಷಯದಲ್ಲಿ. ನನ್ನ ಸೈಕಲ್ಲಿನ ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ನೋಡೋಕೆ ಚೆಂದ, ರೇಸ್ ಸೈಕಲ್ ಥರ. ಈ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗತ್ತೆ. ಗಂಟೆಗೆ 7 ಕಿಲೋಮೀಟರ್‌ಗೆ ಇಳಿದಾಗ ನಿಮಿಷಕ್ಕೆ 46 ಸುತ್ತು ಮಾತ್ರ. ಅಂದ್ರೆ ಒಂದೊಂದು ತುಳಿತವೂ ಮೆಟ್ಟಿಲ ಮೇಲೆ ಅಕ್ಕಿಮೂಟೆ ಹೊತ್ತ ಹಾಗೆ, ಮಂಡಿ ಮೇಲೆ ಬೀಳತ್ತೆ. ಎರಡನೇ ಸಲ ಹಿಂದಿನದ್ದನ್ನ 34 ಹಲ್ಲಿಗೆ ಬದಲಾಯಿಸಿದೆ. ಅದೇ ವೇಗಕ್ಕೆ 56 ಸುತ್ತು. ಶ್ರಮ ಅಷ್ಟೇ, ಆದರೆ ಸಣ್ಣ ಸಣ್ಣ ಕಂತಿನಲ್ಲಿ. ಅಂಗಡಿಯಲ್ಲಿ ಒಬ್ಬ ಗೆಳೆಯ ನಕ್ಕ, “ಏನೋ, ಊಟದ ತಟ್ಟೆ ಹಾಕಿಸ್ಕೊಂಡಿದೀಯ” ಅಂತ. ನಗಲಿ ಬಿಡಿ. ಅವನು ಕಲ್ಹಟ್ಟಿ ನೋಡಿಲ್ಲ.

ತಯಾರಿಯಲ್ಲಿ ಬದಲಾಗಿದ್ದು ಒಂದೇ. ಮೊದಲು ಭಾನುವಾರ ಒಂದೇ ದಿನ 150 ಕಿಲೋಮೀಟರ್ ಹೊಡೆದು, ಸೋಮವಾರದಿಂದ ಶನಿವಾರದ ತನಕ ಅದರ ಬಗ್ಗೆ ಮಾತಾಡ್ತಿದ್ದೆ. ಈಗ ಶನಿವಾರ 100, ಭಾನುವಾರ ಮತ್ತೆ 80, ಅದರಲ್ಲಿ ನಂದಿ. ಭಾನುವಾರ ಬೆಳಿಗ್ಗೆ ಐದಕ್ಕೆ ಕಾಲು ಒಲ್ಲೆ ಅನ್ನತ್ತಲ್ಲ, ಆ ಕಾಲಿನಲ್ಲಿ ತುಳಿಯೋದನ್ನ ಕಲಿಯೋದೇ ಹಲವು ದಿನದ ಸವಾರಿಯ ತಯಾರಿ. ತಾಜಾ ಕಾಲಿನಲ್ಲಿ ಬೆಟ್ಟ ಹತ್ತೋದು ಬೇರೆ ಆಟ.

ಕಾಲು ಕೆಳಗಿಡಬಾರದು

ಎರಡನೇ ಸಲ ಬಯಲಿನ ದಿನ ಅದೇ ಥರದ ಗುಂಪು ಪಕ್ಕದಲ್ಲಿ ಹಾದು ಹೋಯ್ತು. ನಾನು ಹೋಗಲಿಲ್ಲ. ಹೋಗದೆ ಇರೋದಕ್ಕೆ ಎಷ್ಟು ಕಷ್ಟ ಆಯ್ತು ಅಂದ್ರೆ, ಆ ಹತ್ತು ನಿಮಿಷ ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಸಂಜೆ ಲಿಸ್ಟ್‌ನಲ್ಲಿ ನಾನು ಎಲ್ಲೋ ಕೆಳಗೆ. ತಟ್ಟೆಯಲ್ಲಿ ಅನ್ನ, ಸಾರು, ಮತ್ತೆ ಅನ್ನ, ಮೊಸರು, ಎರಡು ಬಾಳೆಹಣ್ಣು.

ಸವಾರಿಯ ಹೊತ್ತಿನ ಊಟದ ನಿಯಮವೂ ಸರಳವೇ. ಗಂಟೆಗೆ 60 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು, ಅಭ್ಯಾಸ ಇದ್ದವರು 90ರವರೆಗೂ ತಗೊಳ್ತಾರೆ. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆರಸ ಹಾಕಿದರೆ ಅದರಲ್ಲಿ ಇನ್ನೊಂದು ಅರ್ಧ ಪಾಲು. ದುಬಾರಿ ಜೆಲ್ ಪ್ಯಾಕೆಟ್‌ನಲ್ಲಿ ಇರೋದೂ ಮುಖ್ಯವಾಗಿ ಸಕ್ಕರೆಯೇ, ಜೇಬಿನಿಂದ ತೆಗೆಯೋಕೆ ಸುಲಭ ಅಷ್ಟೆ. ನಾನು ಬೆನ್ನಿನ ಜೇಬಲ್ಲಿ ಖರ್ಜೂರ, ಕಡಲೆಚಿಕ್ಕಿ ಇಟ್ಕೊಂಡಿದ್ದೆ. ಮುಖ್ಯ ಮಾತು, ಹಸಿವಾಗೋ ಮೊದಲೇ ತಿನ್ನಬೇಕು. ಗಡಿಯಾರದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟಿದ್ದೆ. ಮಾತ್ರೆ ನುಂಗೋ ಹಾಗೆ.

ಮಸಿನಗುಡಿ ದಾಟಿದ ಮೇಲೆ ಒಣ ಕುರುಚಲು ಕಾಡು. ಏರು ಶುರುವಾಗತ್ತೆ. ನಾನು ಮನಸ್ಸಲ್ಲಿ ಒಂದು ಹರಕೆ ಹೊತ್ತಿದ್ದೆ: ಮೇಲೆ ತಲುಪೋ ತನಕ ಕಾಲು ಕೆಳಗಿಡಲ್ಲ. ವೇಗ ಎಷ್ಟಾದರೂ ಆಗಲಿ, ಕೊನೆಯವನಾದರೂ ಸರಿ, ನಿಲ್ಲಬಾರದು. ತಿರುವುಗಳಿಗೆ ನಂಬರ್ ಬೋರ್ಡ್ ಇವೆ, ಒಟ್ಟು 36. ನಾನು ಬೋರ್ಡ್ ನೋಡಬಾರದು ಅಂತಲೂ ನಿರ್ಧಾರ ಮಾಡಿದ್ದೆ. ಎಷ್ಟು ಉಳಿದಿದೆ ಅಂತ ಗೊತ್ತಾದ ಕೂಡಲೇ ಮನಸ್ಸು ಚೌಕಾಶಿ ಶುರು ಮಾಡತ್ತೆ.

ತಿರುವಿನಲ್ಲಿ ಒಂದು ಸಣ್ಣ ಉಪಾಯ ಇದೆ. ಒಳಅಂಚು ಬಹಳ ಕಡಿದು, ಹೊರಅಂಚು ಚಪ್ಪಟೆ. ಎದುರು ಗಾಡಿ ಇಲ್ಲ ಅಂತ ಖಾತ್ರಿಯಾಗಿ ಕಂಡಾಗ, ನಮ್ಮ ಎಡಬದಿಯೊಳಗೇ ಆದಷ್ಟು ಅಗಲವಾಗಿ ತಿರುಗಿದರೆ ನಾಲ್ಕೈದು ತುಳಿತದಷ್ಟು ಉಸಿರು ಸಿಗತ್ತೆ. ಕಾಣದ ತಿರುವಿನಲ್ಲಿ ಬೇಡವೇ ಬೇಡ. ಹತ್ತುವ ಕಾರುಗಳೂ ಮೊದಲ ಗೇರಿನಲ್ಲಿ ನರಳ್ತಾ ಬರ್ತಾವೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ರಸ್ತೆ ಮೇಲೆ ನಿಂತಿರತ್ತೆ. ಈ ದಾರಿಯಲ್ಲಿ ಊಟಿಯಿಂದ ಕೆಳಗಿಳಿಯೋಕೆ ಹೊರಗಿನ ಪ್ರವಾಸಿ ವಾಹನಗಳಿಗೆ ನಿರ್ಬಂಧ ಹಾಕಿದ್ದಾರೆ. ಬ್ರೇಕ್ ಕೈಕೊಟ್ಟು ಆದ ಅಪಘಾತಗಳು ಅಷ್ಟಿವೆ.

ಅರ್ಧಕ್ಕಿಂತ ಮೇಲೆ ಬಂದಿದ್ದೆ ಅನ್ನಿಸತ್ತೆ. ಕುರುಚಲು ಹೋಗಿ ನೀಲಗಿರಿ ಮರಗಳು ಶುರುವಾಗಿದ್ವು, ಗಾಳಿ ತಣ್ಣಗಾಗಿತ್ತು. ಕಾಲು ನೋಯ್ತಿತ್ತು, ಆದರೆ ಅದು ಆರೋಗ್ಯದ ನೋವು. ತಲೆ ತಿಳಿಯಾಗಿತ್ತು. ಆಗ ಒಂದು ತಿರುವಿನ ಕಟ್ಟೆ ಮೇಲೆ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಹಿಂದಿನ ದಿನ ಆ ಗುಂಪಿನಲ್ಲಿ ನನ್ನ ಪಕ್ಕ ಹಾರಿಹೋದವನೇ. ಮುಖ ಬಿಳಿಚಿಕೊಂಡಿತ್ತು. ಬಿಸಿಲಲ್ಲಿ ಕೂತು ನಡುಗ್ತಾ ಇದ್ದ.

“ತಿಂದ್ಯಾ ಏನಾದ್ರೂ?” ಅಂತ ಕೂಗಿದೆ, ಪೆಡಲ್ ನಿಲ್ಲಿಸದೆ.

“ಖಾಲಿ ಅಣ್ಣಾ” ಅಂದ.

ನನ್ನ ಹರಕೆ ನೆನಪಿತ್ತು. ಬೆನ್ನ ಜೇಬಿಂದ ಚಿಕ್ಕಿ ತೆಗೆದು, ಸೈಕಲ್ ಮೇಲಿಂದಲೇ ಎಸೆದೆ. ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ಎಸೆದ ಚಿಕ್ಕಿ, ಎರಡು ಮೀಟರ್ ದೂರ. ಅವನು ಕೈ ಎತ್ತಿದ್ದು ಚಿಕ್ಕಿ ಅವನ ಎದೆಗೆ ತಗುಲಿ ಕೆಳಗೆ ಬಿದ್ದ ಮೇಲೆ. ಬಗ್ಗಿ ಎತ್ಕೊಳ್ಳೋಕೂ ಹೋಗಲಿಲ್ಲ, ಅದನ್ನೇ ನೋಡ್ತಾ ಕೂತ. ಆ ನೋಟ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಜೀಪನ್ನ ನಾನು ನೋಡಿದ್ದು ಹಾಗೇ.

ಕಾಲು ಕೆಳಗಿಟ್ಟೆ.

ಚಿಕ್ಕಿ ಬಿಡಿಸಿ ಕೊಟ್ಟೆ, ನಿಂಬೆ ಶರಬತ್ತಿನ ಬಾಟಲಿ ಕೊಟ್ಟೆ. ಹತ್ತು ಹದಿನೈದು ನಿಮಿಷಕ್ಕೆ ಅವನ ಮಾತು ನೆಟ್ಟಗಾಯ್ತು. ಆದ್ರೂ ಸೈಕಲ್ ಹತ್ತಬೇಡ, ವ್ಯಾನ್ ಬರತ್ತೆ, ಅದರಲ್ಲಿ ಬಾ ಅಂದೆ. ಬಾಂಕ್ ಆದಮೇಲೆ ಬಾಯಿಗೆ ಬಿದ್ದ ಸಕ್ಕರೆ ತಲೆಯನ್ನ ಬೇಗ ಸರಿ ಮಾಡತ್ತೆ, ಕಾಲನ್ನ ಅಷ್ಟು ಬೇಗ ತುಂಬಲ್ಲ. ಸರಿಯಾಯ್ತು ಅಂದುಕೊಂಡು ಹೊರಟು ಎರಡು ಕಿಲೋಮೀಟರ್ ಆಚೆ ಮತ್ತೆ ಬೀಳೋದು ಬಹಳ ಸಾಮಾನ್ಯ. ಅವನಿಗೆ ಅಳು ಬಂತು. ನಾನು ಏನೂ ಹೇಳಲಿಲ್ಲ. ಏನು ಹೇಳೋಕಾಗತ್ತೆ, ನನಗೂ ಆವತ್ತು ಯಾರಾದ್ರೂ ಏನಾದ್ರೂ ಹೇಳಿದ್ರೆ ಕೋಪವೇ ಬರ್ತಿತ್ತು.

ನಾವಿಬ್ಬರೂ ಹಾಗೆ ಕೂತಿರುವಾಗ ಕೆಳಗಿನ ತಿರುವಿಂದ ಮೇಷ್ಟ್ರು ಬಂದ್ರು. 63 ಈಗ. ನಿಲ್ಲಲಿಲ್ಲ. ನಮ್ಮಿಬ್ಬರನ್ನ ನೋಡಿ, ವ್ಯಾನಿಗೆ ಹೇಳ್ತೀನಿ ಅಂತ ಕೈಸನ್ನೆ ಮಾಡಿ, ಅದೇ ಲಯದಲ್ಲಿ ತುಳಿದುಕೊಂಡು ಹೋದ್ರು.

ಕಡಿದಾದ ಏರಿನಲ್ಲಿ ನಿಂತ ಸೈಕಲ್ಲನ್ನ ಮತ್ತೆ ಹೊರಡಿಸೋದು ಒಂದು ಸರ್ಕಸ್. ಬೂಟು ಪೆಡಲಿಗೆ ಸಿಕ್ಕಿಕೊಳ್ಳುವ ಮೊದಲೇ ಸೈಕಲ್ ನಿಂತುಬಿಡತ್ತೆ. ರಸ್ತೆಗೆ ಅಡ್ಡಲಾಗಿ ನಿಲ್ಲಿಸಿಕೊಂಡು, ಒಂದು ತುಳಿತ ಅಡ್ಡಕ್ಕೆ ಹೋಗಿ, ಆಮೇಲೆ ಮೇಲಕ್ಕೆ ತಿರುಗಿಸಬೇಕು. ಗಾಡಿ ಇಲ್ಲದಾಗ ಮಾತ್ರ. ನನಗೆ ಮೂರು ಪ್ರಯತ್ನ ಬೇಕಾಯ್ತು. ಟೈಮಿಂಗ್ ಓಡ್ತಾನೇ ಇತ್ತು, ಆ ವರ್ಷ ಕಲ್ಹಟ್ಟಿಯ ಲಿಸ್ಟ್‌ನಲ್ಲಿ ನಾನು ಎಲ್ಲಿದ್ದೆ ಅಂತ ಕೇಳಬೇಡಿ. ಆದ್ರೆ ತಲೈಕುಂದದ ಹತ್ತಿರ ಏರು ಮುಗಿದಾಗ ಸೈಕಲ್ ಮೇಲೇ ಇದ್ದೆ. ಅಲ್ಲಿಂದ ಊಟಿಗೆ ಇನ್ನೂ ಸ್ವಲ್ಪ ದೂರ ಏರಿಳಿತ ಇದೆ, ಅದನ್ನ ಯಾರೂ ಮೊದಲೇ ಹೇಳಲ್ಲ. ಮುಗೀತು ಅಂದುಕೊಂಡ ಮೇಲೆ ಬರುವ ಆ ಸಣ್ಣ ಏರುಗಳ ಮೇಲೆ ನನಗಿನ್ನೂ ಸಿಟ್ಟಿದೆ.

ರಾತ್ರಿಯ ಕೆಲಸ

ಊಟಿ 2,240 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ. ನಡೆದಾಡೋಕೆ ಏನೂ ಅನಿಸಲ್ಲ, ಮೆಟ್ಟಿಲು ಓಡಿ ಹತ್ತಿದರೆ ಗೊತ್ತಾಗತ್ತೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟೋದೂ ಉಂಟು.

ಜನ ವಿಡಿಯೋದಲ್ಲಿ ಬೆಟ್ಟ ತೋರಿಸ್ತಾರೆ, ರಾತ್ರಿ ತೋರಿಸಲ್ಲ. ತಲುಪಿದ ಅರ್ಧ ಗಂಟೆಯೊಳಗೆ ಏನಾದ್ರೂ ತಿನ್ನಬೇಕು. ಸೈಕಲ್ ಶಾರ್ಟ್ಸ್ ದಿನಾ ಒಗೆಯಲೇಬೇಕು, ಒಳಗಿನ ಪ್ಯಾಡ್ ಕೊಳಕಾಗಿದ್ರೆ ಸೀಟು ತಾಗುವ ಜಾಗದಲ್ಲಿ ಗುಳ್ಳೆಯಾಗತ್ತೆ. ನಾಲ್ಕನೇ ದಿನ ಗುಳ್ಳೆ ಎದ್ದರೆ ಮುಂದಿನ ದಿನಗಳ ಕಥೆ ನಾನು ವರ್ಣಿಸಲ್ಲ. ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು ಅನ್ನೋದೂ ಇದೇ ಕಾರಣಕ್ಕೆ, ಹೊಲಿಗೆ ಉಜ್ಜತ್ತೆ. ಊಟಿಯ ಚಳಿಯಲ್ಲಿ ಬಟ್ಟೆ ಒಣಗಲ್ಲ. ಟವೆಲ್‌ನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಇಲ್ಲದ ರೂಮಿನಲ್ಲಿ ಕುರ್ಚಿ ಮೇಲೆ ಹರಡಿ, ದೇವರ ಮೇಲೆ ಭಾರ. ನಿದ್ದೆ ಒಂಬತ್ತಕ್ಕೆ.

ಇನ್ನೊಂದು ವಿಚಿತ್ರ. ಐದಾರನೇ ದಿನಕ್ಕೆ ಕೈಗಡಿಯಾರ ಸುಳ್ಳು ಹೇಳೋಕೆ ಶುರು ಮಾಡತ್ತೆ. ಎಷ್ಟು ತುಳಿದರೂ ಎದೆಬಡಿತ ಮೊದಲ ದಿನದಷ್ಟು ಏರಲ್ಲ. ಆಹಾ, ಫಿಟ್ ಆಗ್ಬಿಟ್ಟೆ ಅಂತ ಖುಷಿಪಡಬೇಡಿ. ಬಹಳ ಸಲ ಅದು ಮೈ ದಣಿದಿದೆ ಅನ್ನುವ ಸೂಚನೆ. ಆಗ ನಂಬರ್ ಬಿಟ್ಟು, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದೆಯಾ ಅಂತ ನೋಡ್ಕೊಳ್ಳೋದೇ ವಾಸಿ.

ಆ ಸಂಜೆ ರಸ್ತೆ ಬದಿಯ ಒಂದು ಟೀ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯಮ್ಮ ಯಾರ ಜೊತೆಗೋ ಮಾತಾಡ್ತಿದ್ದ ಭಾಷೆ ಅರ್ಧಕ್ಕರ್ಧ ನನಗೆ ಅರ್ಥ ಆಗ್ತಿತ್ತು. ತಮಿಳಲ್ಲ. ಬಡಗ ಭಾಷೆ, ನೀಲಗಿರಿಯ ಬಡಗರ ನುಡಿ, ಕನ್ನಡಕ್ಕೆ ಬಹಳ ಹತ್ತಿರ. ಬಡಗು ಅಂದ್ರೆ ಉತ್ತರ ದಿಕ್ಕು, ಉತ್ತರದಿಂದ ಬಂದವರು ಅಂತ. ನಾವು ದಿನವಿಡೀ ಬೆವರು ಸುರಿಸಿ ಹತ್ತಿದ ಬೆಟ್ಟವನ್ನ ಅವರ ಪೂರ್ವಿಕರು ಎಷ್ಟೋ ಶತಮಾನದ ಹಿಂದೆ ನಡೆದು ಹತ್ತಿದ್ದರು. ನಾನು ಕನ್ನಡದಲ್ಲಿ ಇನ್ನೊಂದು ಟೀ ಕೇಳಿದೆ. ಆಯಮ್ಮ ನಕ್ಕು, ಸಕ್ಕರೆ ಜಾಸ್ತಿ ಹಾಕಿ ಕೊಟ್ರು. ನನ್ನ ಮುಖ ಹಾಗಿತ್ತೇನೋ.

ಇಳಿಯೋದು

ಹತ್ತೋದು ಕಷ್ಟ, ಇಳಿಯೋದು ಅಪಾಯ. ಊಟಿಯಿಂದ ಪೈಕಾರ, ನಡುವಟ್ಟಂ ದಾಟಿ ಗುಡಲೂರಿಗೆ ಸುಮಾರು 50 ಕಿಲೋಮೀಟರ್. ಅದರಲ್ಲಿ ಸಾವಿರ ಮೀಟರ್‌ಗೂ ಮೀರಿ ಕೆಳಗಿಳೀತೀವಿ. ಹಿಂದಿನ ದಿನ ಎತ್ತರಕ್ಕೆ ಕೂಡಿಟ್ಟ ಆ 800 ಕಿಲೋಜೂಲ್ ಈಗ ಎಲ್ಲಾದ್ರೂ ಹೋಗಬೇಕು. ಒಂದೋ ವೇಗಕ್ಕೆ, ಇಲ್ಲ ಬ್ರೇಕಿನ ಬಿಸಿಗೆ. ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದರೆ ರಿಮ್ ಕಾಯತ್ತೆ, ಒಳಗಿನ ಟ್ಯೂಬು ಸಿಡಿಯೋ ಸಾಧ್ಯತೆ ಇರತ್ತೆ. ಹಾಗಾಗಿ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟು, ಕಣ್ಣನ್ನ ರಸ್ತೆಯ ಗುಂಡಿ ಮೇಲಲ್ಲ, ಹೊರಹೋಗುವ ದಾರಿಯ ಮೇಲಿಡಬೇಕು. ಎಲ್ಲಿ ನೋಡ್ತೀವೋ ಸೈಕಲ್ ಅಲ್ಲಿಗೇ ಹೋಗತ್ತೆ. ಬೆಳಗಿನ ಮಂಜಿನಲ್ಲಿ ತಿರುವು ಒದ್ದೆ ಇರತ್ತೆ, ಅಲ್ಲಿ ಇದೆಲ್ಲ ಇನ್ನೂ ಅರ್ಧ ವೇಗದಲ್ಲಿ.

ಮತ್ತೆ ಚಳಿ. ತುಳಿಯೋದಿಲ್ಲ, ಗಾಳಿ ಎದೆಗೆ ಬಡಿಯತ್ತೆ, ಬೆರಳು ಮರಗಟ್ಟಿದ್ರೆ ಬ್ರೇಕ್ ಹಿಡಿಯೋಕೇ ಆಗಲ್ಲ. ಹಳೇ ಸೈಕಲಿಗರ ಉಪಾಯ ಇವತ್ತಿಗೂ ಚಾಲ್ತಿ: ಜೆರ್ಸಿಯೊಳಗೆ ಎದೆಗೆ ಒಂದು ನ್ಯೂಸ್‌ಪೇಪರ್. ಸುದ್ದಿ ಸಂಸ್ಥೆಯ ಪಾಡ್‌ಕಾಸ್ಟ್‌ನಲ್ಲಿ ಹೇಳ್ತಾ ಇದ್ದೀನಿ, ಮೊಬೈಲ್ ಆ್ಯಪ್‌ನಿಂದ ಈ ಕೆಲಸ ಆಗಲ್ಲ.

ಊಟಿಯಲ್ಲಿ ಬೆಳಿಗ್ಗೆ ಹೊರಡೋ ಮೊದಲು ಹೋಟೆಲಿನ ಮುಂದೆ ಎಲ್ಲರೂ ಟಯರಿಗೆ ಗಾಳಿ ಹಾಕ್ತಿದ್ವಿ. ಆ ಹುಡುಗ ಬಂದ. ರಾತ್ರಿ ಚೆನ್ನಾಗಿ ನಿದ್ದೆ ಆಗಿದೆ ಅಂದ. ಎರಡು ಜೇಬಿನ ತುಂಬ ಬಾಳೆಹಣ್ಣು ತುರುಕಿಕೊಂಡಿದ್ದ, ಬೆನ್ನು ಗೂನು ಬಂದ ಹಾಗೆ ಕಾಣ್ತಿತ್ತು.

“ಅಣ್ಣಾ, ಮುಂದಿನ ವರ್ಷ ಮೇಲಿನವರೆಗೂ ಹೋಗ್ತೀನಿ” ಅಂದ.

ಮೇಷ್ಟ್ರು ಪಂಪ್ ಹೊಡೆಯೋದು ನಿಲ್ಲಿಸಿ ಅವನ ಸೈಕಲ್ಲಿನ ಹಿಂದಿನ ಚಕ್ರ ನೋಡಿದ್ರು. “ಎಷ್ಟು ಹಲ್ಲಪ್ಪ ಇದು?”

“28, ಸಾರ್.”

ಮೇಷ್ಟ್ರು ನನ್ನ ಕಡೆ ತಿರುಗಿ, ನನ್ನ ಊಟದ ತಟ್ಟೆಯನ್ನ ತೋರಿಸಿ, “ಇವನ ಹತ್ರ ಅಂಗಡಿ ವಿಳಾಸ ತಗೋ” ಅಂದ್ರು. ಆಮೇಲೆ ಎಲ್ಲರಿಗಿಂತ ಮೊದಲು, ಬ್ರೇಕ್ ಮೇಲೆ ಎರಡು ಬೆರಳಿಟ್ಟುಕೊಂಡು, ಪೈಕಾರ ಕಡೆಗೆ ಇಳಿದುಹೋದ್ರು.